ಶಾಲುಬಾಯಿಯ ಫೋನು, ನನ್ನ ಹೊಟ್ಟೆಕಿಚ್ಚು

ಶಾಲುಬಾಯಿಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ನಮ್ಮ ಬಳಗದವರು ಕೇಳಿದಾಗ ಆಗುವುದಿಲ್ಲ ಎಂದುಬಿಟ್ಟೆ. ಬೀದರಿನಲ್ಲಿ ಅವಳನ್ನು ಹೊಗಳುವವರಿಗೇನೂ ಕಡಿಮೆಯಿಲ್ಲ, ಅವರಲ್ಲೇ ಯಾರಾದರೂ ಬರೆಯಲಿ. ಆಮೇಲೆ ಯೋಚಿಸಿದೆ. ಅವಳನ್ನು ನನ್ನಷ್ಟು ಹತ್ತಿರದಿಂದ, ಕಣ್ಣು ಕೀಳದೆ ನೋಡಿದವರು ಇನ್ನೊಬ್ಬರಿಲ್ಲ. ಅಕ್ಕರೆಯಿಂದ ನೋಡಿದೆ ಎಂದು ಯಾರೂ ತಿಳಿಯಬೇಡಿ, ಹೊಟ್ಟೆಕಿಚ್ಚಿನಿಂದ ನೋಡಿದೆ.

ನಾನು ಲಲಿತಾಬಾಯಿ. ಹುಟ್ಟಿದ್ದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ, ಈಗ ಮನೆ ಬೀದರಿನ ಮೈಲೂರಿನಲ್ಲಿ. ಖಾಸಗಿ ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುವವಳು. ಲಿನಕ್ಸ್ ಎಂದರೆ ಒಳಗಿರುವುದನ್ನೆಲ್ಲ ಬಿಚ್ಚಿ ನೋಡಬಹುದಾದ, ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ತಿದ್ದಿಕೊಳ್ಳಬಹುದಾದ ವ್ಯವಸ್ಥೆ. ಅದನ್ನು ಬೀದರಿನ ಎಷ್ಟು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದೇನೋ ನನಗೇ ನೆನಪಿಲ್ಲ. ಜನ ನನ್ನನ್ನು ಲಿನಕ್ಸ್ ಅಕ್ಕೋರು ಎಂದೇ ಕರೆಯುತ್ತಿದ್ದರು. ಮೇಲೆ ಬೇಡವೆನ್ನುವವಳಂತೆ ನಕ್ಕರೂ ಒಳಗೊಳಗೇ ಆ ಹೆಸರು ಬಲು ಹಿತವಾಗಿತ್ತು. ಶಾಲುಬಾಯಿ ಬರುವವರೆಗೂ ಅದು ನನ್ನೊಬ್ಬಳದೇ ಆಗಿತ್ತು.

ಅವಳು ಔರಾದ ತಾಲೂಕಿನ ಠಾಣಾ ಕುಶನೂರಿನವಳು. ತಂದೆ ಮಚ್ಛೇಂದ್ರ ಟೆಲಿಫೋನ್ ತಂತಿ ಎಳೆಯುವ ಗುಂಪಿನಲ್ಲಿ ದಿನಗೂಲಿ, ತಾಯಿ ಭಾಗೀರಥಿಬಾಯಿ ಪರರ ಹೊಲದಲ್ಲಿ ತೊಗರಿ ಕೊಯ್ಯುವವರು. ತಂದೆ ಕಂಬದ ಬುಡದಲ್ಲಿ ಬಿದ್ದ ತಂತಿಯ ಚೂರುಗಳನ್ನು ತಂದರೆ ಮಗಳು ಅವುಗಳಿಂದ ಮನೆಯ ಒಡೆದ ರೇಡಿಯೋ ಹಾಡುವಂತೆ ಮಾಡುತ್ತಿದ್ದಳಂತೆ. ಈ ಕಥೆಯನ್ನು ಮೊದಲ ಸಲ ಕೇಳಿದಾಗ ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಮೂಗು ಮುರಿದಿದ್ದೆ. ಆಮೇಲೊಮ್ಮೆ ಅವರ ಮನೆಗೆ ಹೋದಾಗ ಆ ರೇಡಿಯೋ ಗೂಡಿನಲ್ಲಿ ಕೂತು ಇನ್ನೂ ಹಾಡುತ್ತಿತ್ತು. ಅದಕ್ಕೂ ಸಿಟ್ಟು ಬಂತು.

ಡಿಪ್ಲೊಮಾ ಮುಗಿಸಿ ಅವಳು ಭಾಲ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಸೇರಿದಳು. ಗಿರಾಕಿಗಳು ಬಂದು, ಬೆಸುಗೆ ಹಾಕುತ್ತ ಕೂತ ಇವಳನ್ನೇ "ರಿಪೇರಿ ಅಣ್ಣ ಎಲ್ಲಿ ಹೋಗ್ಯಾನ್ರಿ?" ಎಂದು ಕೇಳುತ್ತಿದ್ದರಂತೆ. ಇವಳು ತಲೆಯೆತ್ತದೆ "ಊಟಕ್ಕ ಹೋಗ್ಯಾನ್ರಿ, ಫೋನ್ ಇಟ್ಟು ಹೋಗ್ರಿ" ಎನ್ನುವುದು. ಸಂಜೆ ಬಂದರೆ ಫೋನು ಸರಿಯಾಗಿರುತ್ತಿತ್ತು. ಆ ಅಣ್ಣನನ್ನು ಭಾಲ್ಕಿಯವರು ಎರಡು ವರ್ಷ ಹೊಗಳಿದರು. ಆಮೇಲೆ ಬೀದರಿನ ಉಸ್ಮಾನ ಮಿಯಾ ತಮ್ಮ ಕಂಪ್ಯೂಟರ್ ಅಂಗಡಿಗೆ ಅವಳನ್ನು ಕರೆತಂದರು.

ನಮ್ಮ ಲಿನಕ್ಸ್ ಬಳಗ ಸೇರುತ್ತಿದ್ದದ್ದು ಅದೇ ಅಂಗಡಿಯಲ್ಲಿ, ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ. ಹೆಚ್ಚೆಂದರೆ ಆರೇಳು ಜನ. ಉಸ್ಮಾನ ಮಿಯಾರ ಹೆಂಡತಿ ಫಕ್ರುನ್ನಿಸಾ ಒಳಗಿನಿಂದ ಚಹಾ ಕಳಿಸುವರು. ಮೊದಲು ಎಲ್ಲರೂ ಪ್ರಶ್ನೆ ತಂದು ನನ್ನ ಮುಂದೆ ಇಡುತ್ತಿದ್ದರು. ಶಾಲುಬಾಯಿ ಬಂದು ಆರು ತಿಂಗಳಾಗಿರಲಿಲ್ಲ, ಪ್ರಶ್ನೆ ಕೇಳುವಾಗ ಅವರ ಮುಖ ನನ್ನ ಕಡೆಗಿದ್ದರೂ ಕಣ್ಣು ಅವಳ ಕಡೆ ಹೋಗತೊಡಗಿತು. ಅವಳು "ಅಕ್ಕೋರಿಗೆ ಕೇಳ್ರಿ" ಎನ್ನುತ್ತಿದ್ದಳು. ಆ ವಿನಯ ನನ್ನ ಮೈಯೆಲ್ಲ ಉರಿಸುತ್ತಿತ್ತು.

ಎರಡು ಸಾವಿರದ ಹದಿನಾರನೇ ಇಸವಿ. ಮಾಂಜ್ರಾದಲ್ಲಿ ನೀರಿರಲಿಲ್ಲ. ಮೈಲೂರಿನ ನಲ್ಲಿಗೆ ಹತ್ತು ದಿನಕ್ಕೊಮ್ಮೆ ನೀರು, ಅದೂ ಬಂದರೆ ಬಂತು. ತೊಗರಿ ಹೂವಿನಲ್ಲೇ ಒಣಗಿಹೋಗಿ ಔರಾದ ಕಡೆಯ ಊರುಗಳಲ್ಲಿ ಬೀಗ ಹಾಕಿದ ಮನೆಗಳೇ ಹೆಚ್ಚಾಗಿದ್ದವು. ಅರ್ಧ ಜನ ಹೈದರಾಬಾದಿಗೆ, ಪುಣೆಗೆ, ಇನ್ನರ್ಧ ಕಬ್ಬು ಕಡಿಯಲು ಸಾಂಗ್ಲಿ ಕಡೆಗೆ. ಶಾಲುಬಾಯಿಯ ಅಕ್ಕ ಗಿರಿಜಾಬಾಯಿಯೂ ಗಂಡನ ಜೊತೆ ಟೋಳಿಯಲ್ಲಿ, ಅಂದರೆ ಕಬ್ಬು ಕಡಿಯುವವರ ಗುಂಪಿನಲ್ಲಿ, ಹೋಗಿದ್ದಳು. ಹೋಗುವಾಗಲೇ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿತ್ತು. ಬೇಡವೆಂದರೂ ಕೇಳಲಿಲ್ಲ.

ಆ ಜನವರಿಯಲ್ಲಿ ನಮ್ಮ ಬಳಗ ಒಂದು ತೀರ್ಮಾನ ಮಾಡಿತು. ಕಂಪ್ಯೂಟರಿನಲ್ಲಿ ಲಿನಕ್ಸ್ ಎಂದು ಭಾಷಣ ಮಾಡಿ ಕಿಸೆಯಲ್ಲಿ ಬೇರೆ ಫೋನ್ ಇಟ್ಟುಕೊಂಡು ತಿರುಗುವುದು ನಾಚಿಕೆಗೇಡು, ಎಲ್ಲರೂ ಲಿನಕ್ಸ್ ಫೋನನ್ನೇ ಇಟ್ಟುಕೊಳ್ಳೋಣ. ಎಲ್ಲರದೂ ಒಂದೇ ಬಗೆಯದಿದ್ದರೆ ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸಬಹುದು. ಯಾವುದು ಆ ಒಂದು ಎಂಬುದೇ ಪ್ರಶ್ನೆ. ನಾನು ಒಂದನ್ನು, ಶಾಲುಬಾಯಿ ಒಂದನ್ನು ತಂದು ಒಂದು ತಿಂಗಳು ಬಳಸಿ ನೋಡುವುದು, ಮಾರ್ಚ್ ಹದಿಮೂರರ ಭಾನುವಾರ ಬಳಗ ಆರಿಸುವುದು ಎಂದಾಯಿತು. ಕೊನೆಯ ನಾಲ್ಕು ದಿನ ಇಬ್ಬರೂ ತಮ್ಮ ಸ್ವಂತ ಸಿಮ್ ಹಾಕಿಯೇ ನಡೆಸಬೇಕು ಎಂಬ ನಿಯಮ ಹಾಕಿದವಳು ನಾನೇ. ಅಂದು ಅದರಲ್ಲಿ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ.

ಬೇರೆಯವರಿಗೆ ಇದೊಂದು ಫೋನಿನ ಮಾತು. ನನಗೆ ಬೀದರಿನಲ್ಲಿ ಲಿನಕ್ಸ್ ಎಂದರೆ ಯಾರು ಎಂಬ ಮಾತು.

ನಾನು ತಂದದ್ದು ಪರದೇಶದ ಚಿಕ್ಕ ಕಂಪನಿಯೊಂದು ಲಿನಕ್ಸ್ ತುಂಬಿಯೇ ಮಾರುತ್ತಿದ್ದ ಹೊಸ ಫೋನು. ಪರದೆಯ ಮೇಲೆ ಬೆರಳಾಡಿಸಿದರೆ ಬೆಣ್ಣೆ. ಶಾಲುಬಾಯಿ ತಂದದ್ದು ಯಾರೋ ಬಿಸಾಡಿದ ಹಳೆಯ ಫೋನು. ಅದರೊಳಗಿದ್ದುದನ್ನು ಅಳಿಸಿ, ಊರೂರಿನ ಉತ್ಸಾಹಿಗಳು ಸೇರಿ ಕಟ್ಟಿದ ಲಿನಕ್ಸನ್ನು ಹಾಕಿ, ಕಡಿಮೆಬಿದ್ದದ್ದನ್ನು ತಾನೇ ಬರೆದು ಸೇರಿಸಿದ್ದಳು. ಮೂಲೆ ಸೀಳಿದ ಆ ಡಬ್ಬಿಯನ್ನು ನೋಡಿ ಗೆದ್ದೆ ಎಂದುಕೊಂಡೆ.

ಒಂದು ವಾರದಲ್ಲಿ ಗೆಲುವು ಇಳಿಯಿತು. ನನ್ನ ಫೋನಿನಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿದ್ದವು, ಅವಳದರಲ್ಲಿ ಅಚ್ಚು ಹಾಕಿದಂತೆ ಕೂತಿದ್ದವು. ಉಸ್ಮಾನ ಮಿಯಾ "ಪರದೆ ಒಡದ್ರ ಬೀದರದಾಗ ಸಿಗ್ತದೇನ್ರಿ ಅಕ್ಕೋರ?" ಎಂದು ಕೇಳಿದಾಗ ಮಾತು ತಿರುಗಿಸಿದೆ. ಅವಳ ಫೋನಿನ ಪರದೆ ಗುಜರಿಯಲ್ಲಿ ರಾಶಿ ಬಿದ್ದಿತ್ತು. ಎಲ್ಲಕ್ಕಿಂತ ದೊಡ್ಡದು ಬ್ಯಾಟರಿ. ದಿನಕ್ಕೆ ಎಂಟು ತಾಸು ಕರೆಂಟಿಲ್ಲದ ಆ ದಿನಗಳಲ್ಲಿ ನನ್ನ ಬೆಣ್ಣೆ ಮಧ್ಯಾಹ್ನಕ್ಕೇ ಕಣ್ಣು ಮುಚ್ಚುತ್ತಿತ್ತು. ಅವಳ ಡಬ್ಬಿ ಎರಡು ದಿನ ನಡೆಯುತ್ತಿತ್ತು.

"ಹ್ಯಾಂಗ ಮಾಡ್ದಿ?" ಎಂದು ಕೇಳಿದೆ. ಕೇಳುವಾಗ ನಾಲಿಗೆ ಕಹಿಯಾಗಿತ್ತು.

"ಭಾಳೇನಿಲ್ರಿ ಅಕ್ಕೋರ. ಕೆಲಸ ಇಲ್ದಾಗ ಪೂರಾ ಮಲಗಸ್ತೇನಿ. ಕಾಲ್ ಬಂದ್ರ ಏಳ್ತದ. ಬರದದ್ದೆಲ್ಲಾ ಕೊಡ್ತೇನಿ, ನೀವೂ ಹಾಕ್ಕೋರಿ."

ಮುಚ್ಚಿಡುವುದು ಅವಳಿಗೆ ಗೊತ್ತೇ ಇರಲಿಲ್ಲ. ತಾನು ಬರೆದದ್ದನ್ನು ಸಾಲುಸಾಲಿಗೂ ಕನ್ನಡದಲ್ಲಿ ವಿವರಣೆ ಸೇರಿಸಿ ಎಲ್ಲರಿಗೂ ಹಂಚಿದಳು. ಬಳಗದ ಏಕನಾಥರು ವಿದ್ಯುತ್ ಇಲಾಖೆಯ ಎಂಜಿನಿಯರು, ಸುಲಭಕ್ಕೆ ಯಾರನ್ನೂ ಒಪ್ಪುವವರಲ್ಲ. ಅವರೇ ಅದನ್ನು ಓದಿ ಶಾಭಾಷ್ ಎಂದರು. ನನ್ನ ಯಾವ ಕೆಲಸಕ್ಕೂ ಅವರ ಬಾಯಿಂದ ಆ ಮಾತು ಬಂದಿರಲಿಲ್ಲ. ಅಂದು ಮನೆಗೆ ಬಂದು ಊಟ ಬಿಟ್ಟೆ.

ಮಾರ್ಚ್ ಒಂದನೇ ತಾರೀಖು ಕಳ್ಳಿಯಂತೆ ಒಂದು ಕೆಲಸ ಮಾಡಿದೆ. ಅವಳದ್ದೇ ಬಗೆಯ ಹಳೆಯ ಫೋನೊಂದು ನನ್ನ ಲ್ಯಾಬಿನಲ್ಲಿತ್ತು. ಅದಕ್ಕೆ ಅವಳು ಬರೆದದ್ದನ್ನೆಲ್ಲ ಹಾಕಿ ನನ್ನ ಸಿಮ್ ಸೇರಿಸಿದೆ. ಎಲ್ಲಾದರೂ ಹುಳುಕು ಸಿಗಲಿ ಎಂಬುದಷ್ಟೇ ಆಸೆ. ದಿನವೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ. ಹುಳುಕು ಹುಡುಕಿಕೊಟ್ಟವಳು ನನ್ನ ಅವ್ವ.

ಅವ್ವ ಗುಂಡಮ್ಮ ಇರುವುದು ಖಟಕ ಚಿಂಚೋಳಿಯಲ್ಲಿ. ಅವಳು ಫೋನಿನಲ್ಲಿ ಮಾತಾಡುವುದು ಅಪರೂಪ, ರೂಢಿಯೆಲ್ಲ ಮಿಸ್‌ಕಾಲಿನದು. ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಅದೇ ಒಂದು ಮಾತು. ಆ ಕಾಲದಲ್ಲಿ ನಮ್ಮ ಕಡೆ ಯಾರ ಮನೆಯಲ್ಲಿ ಈ ರೂಢಿ ಇರಲಿಲ್ಲ? ಬುಧವಾರ ಬೆಳಿಗ್ಗೆ ಅವಳು ಪಕ್ಕದ ಮನೆಯವರ ಫೋನಿಂದ ಹರಿಹಾಯ್ದಳು.

"ನಿನ್ನಿ ಮೂರು ಸಲ ಮಿಸ್‌ಕಾಲ್ ಕೊಟ್ಟೀನಿ. ತಿರುಗಿ ಮಾಡ್ಲಿಕ್ಕಿ ಏನಾಗಿತ್ತ ನಿನಗ?"

"ಒಂದೂ ಬಂದಿಲ್ಲವ್ವ."

"ಹಂಗಾದ್ರ ನಾ ಸುಳ್ಳ ಹೇಳ್ತೀನೇನ?"

ಅವ್ವ ಸುಳ್ಳು ಹೇಳುವವಳಲ್ಲ. ಫೋನ್ ಮುಂದಿಟ್ಟುಕೊಂಡು ಲ್ಯಾಬಿನ ದೂರವಾಣಿಯಿಂದ ಒಂದೇ ರಿಂಗ್ ಕೊಟ್ಟೆ. ಅದು ಕದಲಲಿಲ್ಲ. ಎರಡು ರಿಂಗ್ ಕೊಟ್ಟೆ, ಎದ್ದಿತು. ಸಂಗತಿ ಇಷ್ಟೇ. ಪೂರಾ ಮಲಗಿದ ಫೋನು ಏಳಲು ಸ್ವಲ್ಪ ಹೊತ್ತು ಬೇಕು. ಅದು ಕಣ್ಣುಬಿಡುವುದರೊಳಗೆ ಒಂದೇ ರಿಂಗಿನ ಕರೆ ಮುಗಿದುಹೋಗಿರುತ್ತದೆ. ಬಂದಿತ್ತೆಂಬ ಗುರುತೂ ಉಳಿಯುವುದಿಲ್ಲ. ಪರೀಕ್ಷೆ ಮಾಡುವಾಗ ನಾವು ತಿಳಿದವರೆಲ್ಲ ಎತ್ತುವವರೆಗೂ ರಿಂಗ್ ಕೊಟ್ಟಿದ್ದೆವು. ನಮ್ಮ ಅವ್ವಂದಿರು, ಅಕ್ಕಂದಿರು ಎತ್ತಬಾರದೆಂದೇ ಫೋನ್ ಮಾಡುತ್ತಾರೆ ಎಂಬುದು ಒಬ್ಬರಿಗೂ ನೆನಪಾಗಿರಲಿಲ್ಲ.

ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಕರೆ ಕೇಳುವ ಭಾಗವೊಂದನ್ನು ಮಾತ್ರ ಎಚ್ಚರವಾಗಿಡುವ ನಾಲ್ಕು ಸಾಲಿನ ತೇಪೆಯನ್ನು ಅಂದೇ ಬರೆದು ಮುಗಿಸಿದೆ. ಬರೆದು ಬಚ್ಚಿಟ್ಟೆ. ಹದಿಮೂರನೇ ತಾರೀಖು ಎಲ್ಲರೆದುರು ಅವಳ ಫೋನಿಗೆ ಒಂದು ರಿಂಗ್ ಕೊಟ್ಟು, ಎಲ್ಲಿದೆ ನೋಡೋಣ ಕರೆ ಎಂದು ಕೇಳುವುದು. ಆಗ ಏಕನಾಥರ ಮುಖ ಹೇಗಾಗಬಹುದು ಎಂದು ನೆನೆದು ಒಬ್ಬಳೇ ನಕ್ಕೆ.

ಇಲ್ಲಿ ಒಂದು ಮಾತು ಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ. ಗಿರಿಜಾಬಾಯಿಯ ಸುದ್ದಿ ನನಗೆ ಗೊತ್ತಿತ್ತು. ಅವರ ಜೋಪಡಿಗಳಿದ್ದಲ್ಲಿ ಫೋನು ಹತ್ತುತ್ತಿರಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಕಾಲುವೆಯ ದಿಬ್ಬದವರೆಗೆ ನಡೆದುಬಂದು, ತಂಗಿಗೆ ಒಂದು ರಿಂಗ್ ಕೊಟ್ಟು, ಬ್ಯಾಟರಿ ಉಳಿಸಲು ಬಂದ್ ಮಾಡಿಬಿಡುತ್ತಿದ್ದಳು. ಒಂದು ರಿಂಗ್ ಎಂದರೆ ಆರಾಮ. ಎರಡು ಎಂದರೆ ತಿರುಗಿ ಮಾಡು. ಏನೂ ಬರದಿದ್ದರೆ ದವಾಖಾನೆಯಲ್ಲಿದ್ದೇನೆಂದು ತಿಳಿ ಎಂದು ಹೇಳಿ ಹೋಗಿದ್ದಳು. ಅಂಗಡಿಯಲ್ಲಿ ನಾನಿದ್ದಾಗಲೇ ಎಷ್ಟೋ ಸಂಜೆ ಶಾಲುಬಾಯಿಯ ದಿನಬಳಕೆಯ ಫೋನು ಒಮ್ಮೆ ಕುಂಯ್ ಎಂದದ್ದಿದೆ. ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ "ಅಕ್ಕ ಆರಾಮಿದ್ದಾಳ್ರಿ" ಎಂದು ಉಸಿರುಬಿಡುತ್ತಿದ್ದಳು. ನನ್ನದೇ ನಿಯಮದಂತೆ ಒಂಬತ್ತನೇ ತಾರೀಖು ಆ ಸಿಮ್ ಅವಳ ಲಿನಕ್ಸ್ ಡಬ್ಬಿಗೆ ಹೋಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ನಾಲ್ಕೇ ದಿನದ ಮಾತು, ಫೋನ್ ಕೈಕೊಟ್ಟಿದೆ ಎಂದು ಅವಳೇ ತಿಳಿದುಕೊಳ್ಳುತ್ತಾಳೆ, ಅಷ್ಟು ಬುದ್ಧಿವಂತಳಲ್ಲವೇ ಎಂದುಕೊಂಡೆ. ತುಟಿ ಬಿಚ್ಚಲಿಲ್ಲ.

ಹದಿಮೂರರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಅಂಗಡಿಗೆ ಹೋದೆ. ಎಲ್ಲರೂ ಬಂದಿದ್ದರು, ಶಾಲುಬಾಯಿಯ ಕುರ್ಚಿ ಖಾಲಿಯಿತ್ತು.

"ಆಕಿ ಬರಾಂಗಿಲ್ರಿ," ಎಂದರು ಉಸ್ಮಾನ ಮಿಯಾ. ಅವರ ದನಿ ಬಿದ್ದುಹೋಗಿತ್ತು. "ಮೂರು ಸಂಜಿ ಆಕಿ ಅಕ್ಕನ ಮಿಸ್‌ಕಾಲ್ ಬರ್ಲಿಲ್ಲ. ಫೋನ್ ಹಚ್ಚಿದ್ರ ಬಂದ್. ಟೋಳಿ ಕರಕೊಂಡ ಹೋದ ಮುಕಾದಮ ಫೋನ್ ಎತ್ತವಲ್ಲ. ನಿನ್ನಿ ನಸಕಿನ್ಯಾಗ ಸಾಂಗ್ಲಿಗಿ ಹೋಗ್ಯಾಳ. ಬಿಚಾರಿ, ಅಳೂದೊಂದೇ ಬಾಕಿ ಇತ್ತು."

"ಆಕಿ ಫೋನ್ ಬರೋಬ್ಬರಿ ಅದ ಇಲ್ಲ ನೋಡಿದ್ರೇನ್ರಿ?" ಏಕನಾಥರು ಕೇಳಿದರು.

"ನಾನೇ ಹತ್ತು ಸಲ ಹಚ್ಚಿ ನೋಡೀನ್ರಿ. ಹತ್ತೂ ಸಲ ಬಡಕೊಂಡದ. ಫೋನಿಂದೇನೂ ತಪ್ಪಿಲ್ಲ."

ಚೀಲದಲ್ಲಿ ನನ್ನ ತೇಪೆಯ ಪೆನ್‌ಡ್ರೈವ್ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಅಲ್ಲದೆ, ಎದುರಾಳಿಯಿಲ್ಲದ ಸಭೆಯಲ್ಲಿ ನನ್ನ ಫೋನೇ ಆಯ್ಕೆಯಾಗಬಹುದು. ಈ ಲೆಕ್ಕವೂ ಆ ಹೊತ್ತಿನಲ್ಲಿ ತಲೆಯಲ್ಲಿ ಓಡಿತು, ಮುಚ್ಚಿಟ್ಟು ಏನು ಪ್ರಯೋಜನ? ಆದರೆ ಫಕ್ರುನ್ನಿಸಾ ಬಾಗಿಲ ಪರದೆಯ ಹಿಂದಿನಿಂದ "ಆಕಿ ಅಕ್ಕ ಬಸರಿ ಇದ್ದಾಳಂತ" ಎಂದು ಮೆಲ್ಲಗೆ ಅಂದದ್ದೇ ತಡ, ನನಗೆ ಕೂತಿರಲಾಗಲಿಲ್ಲ.

"ಫೋನಿಂದೇ ತಪ್ಪು," ಎಂದೆ. "ಒಂದ ರಿಂಗ್ ಕೊಟ್ರ ಅದು ಏಳಾಂಗಿಲ್ಲ. ಆಕಿಗಿ ಫೋನ್ ಹಚ್ರಿ, ಲಗೂನ ಹಚ್ರಿ."

ಐದಾರು ರಿಂಗ್ ಆದ ಮೇಲೆ ಎತ್ತಿದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ನಡುವೆ ಇಟ್ಟಿದ್ದೆವು. ಗಾಳಿಯ ಸದ್ದು, ಕಬ್ಬಿನ ಗಾಡಿಯ ಸದ್ದು.

"ಶಾಲೂ, ನಾ ಲಲಿತಾ. ಎಲ್ಲಿದ್ದಿ?"

"ಜೋಪಡಿ ಹುಡುಕ್ಲತ್ತೀನ್ರಿ ಅಕ್ಕೋರ. ಎರಡು ಟೋಳಿ ನೋಡಿದೆ, ಅವರ ಪೈಕಿ ಯಾರೂ ಇಲ್ಲ. ಮೂರನೇದಕ್ಕ ನಡ್ಕೋತ ಹೊಂಟೀನಿ. ದವಾಖಾನಿನೂ ಎರಡು ನೋಡಿ ಬಂದೆ."

"ನಿಂದ್ರು. ಗಿರಿಜಾ ದಿನಾ ಒಂದ ರಿಂಗ್ ಕೊಟ್ಟಿರಬೇಕು. ನಿನ್ನ ಫೋನ್ ಏಳೂದ್ರಾಗ ಆ ರಿಂಗ್ ಮುಗದಿರ್ತದ. ಗುರುತೂ ಉಳಿಯಾಂಗಿಲ್ಲ."

ಅತ್ತ ಕಡೆ ಅವಳು ಎಲ್ಲವನ್ನೂ ಮನಸ್ಸಿನಲ್ಲೇ ಬಿಚ್ಚಿ ನೋಡುತ್ತಿದ್ದಳು, ಅದು ನನಗೆ ಗೊತ್ತು. ಆಮೇಲೆ ಅತ್ತಳು. ನಡುರಸ್ತೆಯಲ್ಲಿ ನಿಂತು, ನಾಚಿಕೆಯಿಲ್ಲದೆ, ಚಿಕ್ಕ ಹುಡುಗಿಯಂತೆ ಅತ್ತಳು. ಉಸ್ಮಾನ ಮಿಯಾ ಕನ್ನಡಕ ತೆಗೆದು ಒರೆಸಿಕೊಂಡರು.

"ಖರೆ ಅದ ಅಕ್ಕೋರ. ನನಗ್ಯಾಕ ಹೊಳೀಲಿಲ್ಲ," ಎಂದಳು ಕೊನೆಗೆ. "ನಿಮಗ ಯಾವಾಗ ಗೊತ್ತಾತ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇವತ್ತ ಮುಂಜಾನಿ," ಎಂದೆ.

"ನಿಮ್ಮ ಉಪಕಾರ ಭಾಳ ಆತ್ರಿ ಅಕ್ಕೋರ. ಆದ್ರೂ ಒಮ್ಮಿ ಕಣ್ಣಿಲೆ ನೋಡೇ ಬರ್ತೇನಿ."

ಅರ್ಧ ತಾಸಿನಲ್ಲಿ ಕಾಲುವೆಯ ದಿಬ್ಬದಿಂದ ಅವಳೇ ಫೋನ್ ಮಾಡಿದಳು. ಮೂರನೇ ಟೋಳಿಯಲ್ಲಿ ಗಿರಿಜಾಬಾಯಿ ರೊಟ್ಟಿ ಬಡಿಯುತ್ತ ಕೂತಿದ್ದಳಂತೆ. ತಂಗಿಯನ್ನು ನೋಡಿ ಅವಳೇ ಗಾಬರಿಯಾಗಿ "ಊರಾಗ ಯಾರಿಗಿ ಏನಾತ? ನಾ ದಿನಾ ರಿಂಗ್ ಕೊಟ್ಟೀನಲ್ಲ!" ಎಂದಳಂತೆ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಯ್ಕೆಯೂ ಅಂದೇ ಆಯಿತು. ಶಾಲುಬಾಯಿಯ ಫೋನನ್ನೇ ಆರಿಸಿದರು! ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಇಷ್ಟ ದೊಡ್ಡ ತಪ್ಪ ಇದ್ದರೂನಾ?" ಎಂದೆ.

"ತಪ್ಪ ಇತ್ತು, ಅದನ್ನ ಇಲ್ಲೇ ಬೀದರದಾಗ ನೀವೇ ಹುಡುಕಿದ್ರಿ," ಎಂದರು ಏಕನಾಥರು. "ನಿಮ್ಮ ಫೋನಿನ್ಯಾಗ ಅರ್ಧ ಭಾಗ ಆ ಕಂಪನಿಯವ್ರು ಮುಚ್ಚಿಟ್ಟಾರ. ಅದರಾಗ ತಪ್ಪಾದ್ರ ನಾವು ಯಾರಿಗಿ ಕೇಳೂದ್ರಿ? ಆಕಿದಕ್ಕಾದ್ರ ನಾವೇ ತ್ಯಾಪಿ ಹಚ್ಚಬಹುದು. ಅದನ್ನ ತೋರಿಸಿಕೊಟ್ಟವರು ನೀವೇ, ಶಾಭಾಷ್."

ವರ್ಷಗಟ್ಟಲೆ ಕಾದ ಶಾಭಾಷ್ ಅದು. ಶಾಲುಬಾಯಿಯನ್ನು ಬೀಳಿಸಲೆಂದು ಹುಡುಕಿದ ಹುಳುಕು ಅವಳನ್ನೇ ಗೆಲ್ಲಿಸಿತ್ತು. ಆಟೋದಲ್ಲಿ ಕೂತು ಮೈಲೂರು ಬರುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಪಶ್ಚಾತ್ತಾಪದಿಂದಲ್ಲ, ಸೋತದ್ದಕ್ಕೆ.

ಬುಧವಾರ ಅವಳು ಕೆಲಸಕ್ಕೆ ಬಂದಿದ್ದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಾಲಿಗೆ ಬೊಬ್ಬೆ ಬಂದು ಚಪ್ಪಲಿ ಬಿಟ್ಟು ಕೂತಿದ್ದಳು. ತೇಪೆಯ ಪೆನ್‌ಡ್ರೈವ್ ಕೊಟ್ಟೆ. ಅವಳು ಅದನ್ನು ಹಚ್ಚಿ ಕಡತ ತೆರೆದಳು. ನಾಲ್ಕು ಸಾಲು ಓದಲು ಎಷ್ಟು ಹೊತ್ತು ಬೇಕು? ಅವಳ ಕಣ್ಣು ಆ ಸಾಲುಗಳಿಗೆ ಇಳಿಯಲೇ ಇಲ್ಲ, ಮೇಲೆಯೇ ನಿಂತಿತು. ಆಗ ನೆನಪಾಯಿತು. ತೇಪೆ ಸಿದ್ಧವಾದಾಗ ಯಾರು ಬರೆದದ್ದು, ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಕಂಪ್ಯೂಟರೇ ಅದರ ನೆತ್ತಿಯ ಮೇಲೆ ಬರೆದಿಡುತ್ತದೆ. ಇದನ್ನು ಹನ್ನೊಂದು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಮಾರ್ಚ್ ಎರಡು, ಬುಧವಾರ ಎಂದಿತ್ತು ಅಲ್ಲಿ.

ಬೈಯಲಿ ಎಂದು ಕಾದೆ. ಬೈದರೆ ತಿರುಗಿ ಅನ್ನಲು ಮಾತುಗಳನ್ನೂ ಜೋಡಿಸಿಕೊಂಡೆ. ಅವಳು ಕಾಲಿನ ಬೊಬ್ಬೆಯನ್ನೊಮ್ಮೆ ನೋಡಿಕೊಂಡಳು, ನನ್ನನ್ನು ನೋಡಲಿಲ್ಲ.

"ಛಲೋ ಬರದೀರಿ ಅಕ್ಕೋರ. ನಾ ಬರದ್ರ ಇಪ್ಪತ್ತು ಸಾಲ ಆಗ್ತಿತ್ತು," ಎಂದಳು. ತೇಪೆ ಸೇರಿಸಿ ಕೆಲಸಕ್ಕೆ ತಿರುಗಿದಳು. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಡಲಿಲ್ಲ, ಸಲಿಗೆ ಬಿಟ್ಟಳು.

ಆ ಹಳೆಯ ಡಬ್ಬಿಗೆ ಅವಳು ಬರೆದದ್ದೆಲ್ಲ ಈಗ ಜಾಲದಲ್ಲಿದೆ. ಎಲ್ಲೆಲ್ಲಿಯವರೋ ತಮ್ಮ ಫೋನಿಗೆ ಹಾಕಿಕೊಳ್ಳುತ್ತಾರೆ. ಅವಳು ಭಾಲ್ಕಿಗೆ ಮರಳಿ ಸ್ವಂತ ಅಂಗಡಿ ತೆರೆದಿದ್ದಾಳೆ. ಈಗ ಅಲ್ಲಿ ಯಾರೂ ರಿಪೇರಿ ಅಣ್ಣನನ್ನು ಕೇಳುವುದಿಲ್ಲ. ಜಾಲದ ಆ ಕಡತದ ಕೊನೆಯಲ್ಲಿ, ನೆರವಾದವರ ಪಟ್ಟಿಯಲ್ಲಿ, ಕನ್ನಡದಲ್ಲೇ ಬರೆದ ಒಂದು ಸಾಲಿದೆ: "ಒಂದೇ ರಿಂಗಿನ ಕರೆ ಕಾಣೆಯಾಗುವ ದೋಷ. ಕಂಡುಹಿಡಿದು ತಿದ್ದಿದವರು ಲಲಿತಾಬಾಯಿ, ಬೀದರ, ೨ ಮಾರ್ಚ್ ೨೦೧೬. ಸೇರಿಸಿದ್ದು ೧೬ ಮಾರ್ಚ್ ೨೦೧೬."

ಆ ಸಾಲಿನಿಂದ ನನಗೆ ಹೆಸರು ಬಂದಿದೆ. ಎರಡು ತಾರೀಖುಗಳ ನಡುವಿನ ಹದಿನಾಲ್ಕು ದಿನ ಏನು ಮಾಡುತ್ತಿದ್ದಿರಿ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಶಾಲುಬಾಯಿಯೂ ಕೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಆ ಹೆಸರನ್ನು ಖಂಡಿತ ಬರೆಯುತ್ತಿರಲಿಲ್ಲ, ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಅವಳ ಬುದ್ಧಿಗೆ ಪಟ್ಟ ಹೊಟ್ಟೆಕಿಚ್ಚು ವರ್ಷ ಕಳೆದಂತೆ ಆರಿತು. ನನ್ನ ಹೆಸರು ಬರೆಯಲು ಅವಳಿಗೆ ಕೈ ಬಂತಲ್ಲ, ಅದರ ಮೇಲಿನ ಕಿಚ್ಚು ಮಾತ್ರ ಇನ್ನೂ ಉರಿಯುತ್ತಲೇ ಇದೆ.